ದನಕ್ಕ ಬ್ಯಾನಿ ಬಂದ್ರ ಪಂಚಾಯ್ತಿಗೆ ಸಂಬಂಧ ಇಲ್ಲೇನು?

ಚರ್ಮಗಂಟು ರೋಗ ಅಂದ್ರ ಸಾಕು, "ಅದು ದನದ ದವಾಖಾನಿ ಕೆಲಸ" ಅಂತಾರ ಪಂಚಾಯ್ತಿಯವರು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಹಂಗ ಹೇಳಂಗಿಲ್ಲ. ಸಂಶಯ ಬಂದ್ರ ಮಾಲಕ ಗ್ರಾಮ ಅಧಿಕಾರಿಗೆ ಇಲ್ಲಾ ಪಂಚಾಯ್ತಿಗೆ ತಿಳಿಸಬೇಕು. ಗ್ರಾಮ ಅಧಿಕಾರಿ ತನ್ನ ಹದ್ದಿನಾಗ ಹೋಗಿ ನೋಡಬೇಕು. "ಬೇಕು" ಅಂತ ಐತ್ರಿ, "ಮನಸ್ಸಿದ್ರ" ಅಂತಿಲ್ಲ!

2022ರಾಗ ಸರ್ಕಾರ ದನದ ಸಂತಿ, ಜಾತ್ರಿ ಬಂದ್ ಮಾಡ್ತು. ಛಲೋನೇ ಆತು. ಆದ್ರ ಕಚ್ಚೋ ನೊಣ, ಸೊಳ್ಳಿ, ಉಣ್ಣಿಯಿಂದನೂ ಇದು ಹರಡ್ತೈತಿ. ಸಂತಿ ಮುಚ್ಚಿ, ನೀರು ನಿಂತ ಗಟಾರ ಹಂಗೇ ಬಿಟ್ರ ಏನ್ ಬಂತು? ಸತ್ತ ದನ ಹೂಳಾಕ ಜಾಗಾ ತೋರಿಸೋರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡಿ ರೈತರು ಬಾಯಿಮಾತಿನಾಗ ಹೇಳಿ ಬರಬ್ಯಾಡ್ರಿ. ಬರದು ಕೊಡ್ರಿ, ಸಿಕ್ಕಾ ಹಾಕಿದ ನಕಲು ಇಸ್ಕೊಳ್ರಿ.