ಹಿಮದ ಅಂಗಳದಲ್ಲಿ ಅಳಿದುಳಿದವರ ಆಟ

ಶಾಲೆಯ ತಂಡಕ್ಕೆ ಹನ್ನೊಂದು ಮಂದಿ ಬೇಕು. ಇಬ್ಬರಿಗೆ ಜ್ವರ, ಒಬ್ಬನಿಗೆ ಟ್ಯೂಷನ್, ಇನ್ನೊಬ್ಬನ ಮನೆಯಲ್ಲಿ ಮದುವೆ. ತಲೆ ಎತ್ತಿ ನೋಡಿದರೆ ಮೋಡ. ಇಂಥ ದಿನ ‘ಇವತ್ತು ಬೇಡ ಸಾರ್, ಮುಂದಿನ ವಾರ ಆಡೋಣ’ ಎಂಬ ಮಾತು ಯಾರ ಬಾಯಿಂದಲಾದರೂ ಬಂದೇ ಬರುತ್ತದೆ. ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಮುಂದಕ್ಕೆ ಹಾಕಲಾಗದ ದಿನಗಳೂ ಬದುಕಿನಲ್ಲಿ ಬರುತ್ತವೆ. ಪರೀಕ್ಷೆಯ ದಿನ ಹಾಗೆ, ಸಂದರ್ಶನದ ದಿನ ಹಾಗೆ. ಕೈಯಲ್ಲಿ ಇರುವುದು ಅರೆಬರೆ, ಹವೆಯೂ ಎದುರು, ಆದರೂ ಅಂಗಳಕ್ಕೆ ಇಳಿಯಲೇಬೇಕು.

ಅಂಥದ್ದೊಂದು ದಿನದ ಕಥೆ ಈ ವಾರ. ಊರು ಕೆನಡಾದ ಟೊರಾಂಟೊ. ದಿನಾಂಕ 1977ರ ಏಪ್ರಿಲ್ 7. ಆಟ ಬೇಸ್‌ಬಾಲ್.

ನಮಗೆ ಅಷ್ಟಾಗಿ ಪರಿಚಯವಿಲ್ಲದ ಆಟವಾದ್ದರಿಂದ ಎರಡು ಮಾತು ಮೊದಲೇ ಹೇಳಿಬಿಡಬೇಕು. ಬೇಸ್‌ಬಾಲ್ ಅಂಗಳದಲ್ಲಿ ವಜ್ರದಾಕಾರದ ನಾಲ್ಕು ಮೂಲೆಗಳು. ಒಂದು ಮೂಲೆಯಲ್ಲಿ ನಿಂತು ಚೆಂಡು ಬಾರಿಸಿದವನು ಉಳಿದ ಮೂರನ್ನೂ ಮುಟ್ಟಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಚೆಂಡು ನೇರವಾಗಿ ಬೇಲಿಯ ಆಚೆ ಹಾರಿದರೆ ಅದು ‘ಹೋಮ್ ರನ್’. ನಮ್ಮ ಸಿಕ್ಸರ್‌ಗೆ ಅಣ್ಣನಂಥದ್ದು. ಆದರೆ ಇದಕ್ಕೆ ಆರು ರನ್ ಎಂಬ ಲೆಕ್ಕವಿಲ್ಲ. ಹೊಡೆದವನ ಜೊತೆಗೆ ಮೂಲೆಗಳಲ್ಲಿ ಕಾದು ನಿಂತವರೆಲ್ಲ ಮನೆ ಸೇರುತ್ತಾರೆ. ಎಷ್ಟು ತಲೆಯೋ ಅಷ್ಟು ರನ್. ಮೂವರು ಔಟಾದರೆ ಒಂದು ಸರದಿ ಮುಗಿಯಿತು. ಪ್ರತಿ ತಂಡಕ್ಕೆ ಇಂಥ ಒಂಬತ್ತು ಸರದಿ.

ಅಮೆರಿಕದ ದೊಡ್ಡ ಲೀಗ್‌ನಲ್ಲಿ ಒಂದೊಂದು ತಂಡ ವರ್ಷಕ್ಕೆ 162 ಪಂದ್ಯ ಆಡಬೇಕು. ಅಷ್ಟನ್ನೂ ಚಳಿಗಾಲದೊಳಗೆ ಮುಗಿಸಬೇಕಾದರೆ ಏಪ್ರಿಲ್ ಆರಂಭಕ್ಕೇ ಶುರು ಮಾಡದೆ ವಿಧಿಯಿಲ್ಲ. ನಮಗೆ ಏಪ್ರಿಲ್ ಎಂದರೆ ಉರಿಬಿಸಿಲು, ಮಾವಿನಕಾಯಿ, ರಜೆ. ಟೊರಾಂಟೊದಲ್ಲಿ ಚಳಿಗಾಲ ಆಗಿನ್ನೂ ಬಾಗಿಲಲ್ಲೇ ನಿಂತಿರುತ್ತದೆ. ಆದರೂ ಸ್ವಂತ ಊರಿನಲ್ಲಿ ವರ್ಷದ ಮೊದಲ ಪಂದ್ಯವೆಂದರೆ ಅಲ್ಲಿನವರಿಗೆ ಊರ ಜಾತ್ರೆ ಇದ್ದಂತೆ. ಟೊರಾಂಟೊಗಂತೂ ಅದು ವರ್ಷದ ಮೊದಲ ಪಂದ್ಯ ಮಾತ್ರವಲ್ಲ, ತಂಡದ ಜನ್ಮದ ಮೊದಲ ಪಂದ್ಯ. ‘ಬ್ಲೂ ಜೇಸ್’ ಎಂಬ ಹೊಸ ತಂಡ ಅಂದು ಕಣ್ಣು ಬಿಡುವುದಿತ್ತು.

ಹೊಸ ತಂಡಕ್ಕೆ ಆಟಗಾರರು ಎಲ್ಲಿಂದ ಬರಬೇಕು? ಅದಕ್ಕೆ ಲೀಗ್ ಒಂದು ವ್ಯವಸ್ಥೆ ಮಾಡಿತ್ತು. 1976ರ ನವೆಂಬರ್ 5ರಂದು ಟೊರಾಂಟೊ ಮತ್ತು ಸಿಯಾಟಲ್ ಎಂಬ ಎರಡು ಹೊಸ ತಂಡಗಳು ಹಳೆಯ ತಂಡಗಳಿಂದ ತಲಾ 30 ಮಂದಿಯನ್ನು ಆರಿಸಿಕೊಂಡವು. ಆದರೆ ಹಳೆಯ ತಂಡಗಳು ಸುಮ್ಮನೆ ಕೈಬಿಡುತ್ತವೆಯೇ? ‘ಇವರನ್ನು ಮುಟ್ಟುವಂತಿಲ್ಲ’ ಎಂದು ಮೊದಲೇ 15 ಮಂದಿಯ ಪಟ್ಟಿ ಕೊಟ್ಟು ಭದ್ರ ಮಾಡಿಕೊಂಡಿದ್ದವು. ಕೆನೆಯೆಲ್ಲ ಅವರಿಗೆ, ಉಳಿದ ಮಜ್ಜಿಗೆ ಹೊಸಬರಿಗೆ. ವಯಸ್ಸು ಇಳಿದವರು, ಗಾಯದಿಂದ ಎದ್ದವರು, ಅವಕಾಶವೇ ಸಿಗದ ಹುಡುಗರು. ಇವರೇ ಬ್ಲೂ ಜೇಸ್. ತರಗತಿಯಲ್ಲಿ ತಂಡ ಆರಿಸುವಾಗ ಕೊನೆಯವರೆಗೂ ಯಾರೂ ಕರೆಯದೆ ನಿಂತ ಹುಡುಗ ಹುಡುಗಿಯರಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ.

ಅಂದು ಚೆಂಡೆಸೆಯಲು ನಿಂತ ಬಿಲ್ ಸಿಂಗರ್ ಒಂದು ಕಾಲದ ಹುಲಿ. 1969 ಮತ್ತು 1973ರಲ್ಲಿ ಇಪ್ಪತ್ತಿಪ್ಪತ್ತು ಪಂದ್ಯ ಗೆದ್ದುಕೊಟ್ಟವನು. ಆದರೆ ಆ ಕಾಲ ಹಿಂದೆ ಉಳಿದಿತ್ತು. ಮೊದಲ ಬೇಸ್ ಕಾಯುತ್ತಿದ್ದ ಡಗ್ ಆಲ್ಟ್ ಟೆಕ್ಸಾಸ್‌ನ ಹುಡುಗ. ಅದಕ್ಕೆ ಮುಂಚೆ ದೊಡ್ಡ ಲೀಗ್‌ನಲ್ಲಿ ಅವನು ಆಡಿದ್ದು ಬರೀ 9 ಪಂದ್ಯ.

ಇನ್ನು ಅಂಗಳದ ಸಂಗತಿ. ಎಕ್ಸಿಬಿಷನ್ ಸ್ಟೇಡಿಯಂ ಇದ್ದದ್ದು ಆಂಟಾರಿಯೊ ಸರೋವರದ ದಂಡೆಯಲ್ಲಿ. ಮೂಲತಃ ಅದು ಫುಟ್‌ಬಾಲ್ ಮೈದಾನ, ಬೇಸ್‌ಬಾಲ್‌ಗೆಂದು ಹೊಂದಿಸಿಕೊಂಡದ್ದು. ಸರೋವರದಿಂದ ಬರುವ ಗಾಳಿಗೆ ತಡೆಯೇ ಇರಲಿಲ್ಲ. ಅಂದು ಪಂದ್ಯಕ್ಕೆ ಮುಂಚೆಯೇ ಹಿಮ ಬೀಳತೊಡಗಿತು. ಶಾಖ ಹೆಚ್ಚುಕಡಿಮೆ ಸೊನ್ನೆ ಡಿಗ್ರಿ. ನೋಡನೋಡುತ್ತಿದ್ದಂತೆ ಹಸಿರು ನೆಲ ರಾಗಿಮುದ್ದೆಗೆ ಅಕ್ಕಿಹಿಟ್ಟು ಉದುರಿಸಿದಂತಾಗಿ, ಆಮೇಲೆ ಪೂರ್ತಿ ಬಿಳಿಯಾಯಿತು.

ಮಾಡುವುದೇನು? ನೆಲಕ್ಕೆ ಹಾಸಿದ್ದು ಕೃತಕ ಹುಲ್ಲು. ಅದೇ ಉಪಾಯಕ್ಕೆ ದಾರಿಯಾಯಿತು. ಊರಿನ ಐಸ್ ಹಾಕಿ ತಂಡವಾದ ಮೇಪಲ್ ಲೀಫ್ಸ್‌ನಿಂದ ‘ಜಾಂಬೋನಿ’ ಯಂತ್ರವನ್ನು ಎರವಲು ತಂದರು. ಹಾಕಿ ಆಡುವ ಮಂಜಿನ ನೆಲವನ್ನು ಸವರಿ ನಯಮಾಡಲು 1949ರಲ್ಲಿ ಫ್ರಾಂಕ್ ಜಾಂಬೋನಿ ಎಂಬಾತ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಯಂತ್ರ ಅದು. ಒಂದು ಆಟದ ಯಂತ್ರ ಇನ್ನೊಂದು ಆಟದ ಅಂಗಳ ಗುಡಿಸಿತು. ಎದುರಾಳಿ ಷಿಕಾಗೊ ವೈಟ್ ಸಾಕ್ಸ್ ತಂಡದ ಜಾಕ್ ಬ್ರೊಹ್ಯಾಮರ್‌ಗೆ ಇದೆಲ್ಲ ತಮಾಷೆಯಾಗಿ ಕಂಡಿತು. ಮೊಣಕಾಲ ಕೆಳಗೆ ಕಟ್ಟುವ ಪ್ಯಾಡುಗಳನ್ನು ಪಾದಕ್ಕೆ ಕಟ್ಟಿ, ಎರಡು ಬ್ಯಾಟನ್ನು ಕೋಲಿನಂತೆ ಊರಿ, ಹಿಮದ ಮೇಲೆ ಸ್ಕೀಯಿಂಗ್ ಮಾಡಿ ಜನರನ್ನು ನಗಿಸಿದ. ದಪ್ಪ ಕೋಟು ತೊಟ್ಟ ಗಾಯಕಿ ಆ್ಯನ್ ಮರ್ರೆ ಬೀಳುವ ಹಿಮದ ನಡುವೆಯೇ ಕೆನಡಾದ ರಾಷ್ಟ್ರಗೀತೆ ಹಾಡಿದಳು. ಇಷ್ಟು ನೋಡಲು ಬಂದು ನಡುಗುತ್ತ ಕುಳಿತವರು 44,649 ಮಂದಿ!

ಇಂಥ ಚಳಿಯಲ್ಲಿ ಬೇಸ್‌ಬಾಲ್ ಆಡುವುದು ಎಷ್ಟು ಕಷ್ಟ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಸ್ವಲ್ಪ ಯೋಚಿಸಬೇಕು. ತಂಪಾದ ಗಾಳಿ ಬಿಸಿ ಗಾಳಿಗಿಂತ ಸಾಂದ್ರ. ಹಾರುವ ಚೆಂಡಿಗೆ ಅದು ಹೆಚ್ಚು ಅಡ್ಡಿ ಮಾಡುತ್ತದೆ. ತಣ್ಣಗಾದ ಚೆಂಡು ಬ್ಯಾಟಿನಿಂದ ಪುಟಿಯುವುದೂ ಕಡಿಮೆ. ಎಸೆಯುವವನಿಗೆ ಬೆರಳು ಮರಗಟ್ಟಿ, ಒದ್ದೆ ಚೆಂಡು ಹಿಡಿತಕ್ಕೆ ಸಿಗದು. ಬಾರಿಸುವವನಿಗೆ ಅಂಗೈ ಜುಮ್ಮೆನ್ನುತ್ತದೆ. ಅಂದರೆ ಹವೆ ಇಬ್ಬರಿಗೂ ಸಮಾನ ಶತ್ರು. ಈ ಮಾತು ನೆನಪಿರಲಿ. ಕೆಟ್ಟ ದಿನ ನನ್ನೊಬ್ಬನಿಗೇ ಬಂದಿದೆ ಎಂದು ಕೊರಗುವವರು ಎದುರಿಗೆ ನಿಂತವನ ತಲೆಯ ಮೇಲೂ ಅದೇ ಹಿಮ ಬೀಳುತ್ತಿರುವುದನ್ನು ನೋಡುವುದಿಲ್ಲ.

ಆಟ ಶುರುವಾಯಿತು. ಮೊದಲ ತುತ್ತಿಗೇ ಕಲ್ಲು. ಮೊದಲ ಸರದಿಯಲ್ಲೇ ಷಿಕಾಗೊದ ರಿಚೀ ಜಿಸ್ಕ್ ಹೋಮ್ ರನ್ ಬಾರಿಸಿ ತನ್ನ ತಂಡವನ್ನು ಮುಂದೆ ತಂದ. ಟೊರಾಂಟೊದ ಸರದಿ ಬಂದಾಗ ಡಗ್ ಆಲ್ಟ್ ನಿಂತ. ಆ ದಟ್ಟ ಗಾಳಿಯನ್ನು ಸೀಳಿಕೊಂಡು ಚೆಂಡು ಬೇಲಿ ದಾಟಿತು. ಹೊಸ ತಂಡದ ಚರಿತ್ರೆಯ ಮೊದಲ ಹೋಮ್ ರನ್. ಮೂರನೆಯ ಸರದಿಯಲ್ಲಿ ಅವನೇ ಇನ್ನೊಂದು ಬಾರಿಸಿದ. ಹಿಂದೆ ಬಿದ್ದಿದ್ದ ತಂಡ ಸಮಸಮಕ್ಕೆ ಬಂತು. ಐದನೆಯ ಸರದಿಯಲ್ಲಿ ಬದಲಿಯಾಗಿ ಬಂದ ಆಲ್ ವುಡ್ಸ್ ದೊಡ್ಡ ಲೀಗ್‌ನಲ್ಲಿ ತಾನು ನಿಂತ ಮೊಟ್ಟಮೊದಲ ಅವಕಾಶದಲ್ಲೇ ಹೋಮ್ ರನ್ ಹೊಡೆದ. ಕೊನೆಗೆ ಲೆಕ್ಕ: ಟೊರಾಂಟೊ 9, ಷಿಕಾಗೊ 5. ಯಾರಿಗೂ ಬೇಡವಾದವರು ಗೆದ್ದರು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ‘ಮನಸ್ಸಿದ್ದರೆ ಮಾರ್ಗ, ಮಕ್ಕಳೇ’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಶಾಲಾ ವಾರ್ಷಿಕೋತ್ಸವದ ಭಾಷಣಗಳು ಸಾಮಾನ್ಯವಾಗಿ ನಿಲ್ಲುವುದೂ ಇಲ್ಲಿಯೇ. ಆದರೆ ನಿಜವಾದ ಪಾಠ ಮುಂದೆ ಇದೆ.

ಆ ವರ್ಷ ಬ್ಲೂ ಜೇಸ್ ಒಟ್ಟು ಗೆದ್ದದ್ದು 54 ಪಂದ್ಯ, ಸೋತದ್ದು 107. ವಿಭಾಗದಲ್ಲಿ ಕೊನೆಯ ಸ್ಥಾನ. ಮರುವರ್ಷ 102 ಸೋಲು. ಮೂರನೆಯ ವರ್ಷ, ಅಂದರೆ 1979ರಲ್ಲಿ, ಪರಿಸ್ಥಿತಿ ಸುಧಾರಿಸಬೇಕಿತ್ತಲ್ಲ? 109 ಸೋಲು! ಹಿಮದಲ್ಲಿ ತೋರಿದ ಕೆಚ್ಚು ಮರುದಿನದಿಂದ ಗೆಲುವಾಗಿ ಬದಲಾಗಲಿಲ್ಲ. ಡಗ್ ಆಲ್ಟ್ ಕೂಡ ದೊಡ್ಡ ತಾರೆಯಾಗಲಿಲ್ಲ. ದೊಡ್ಡ ಲೀಗ್‌ನಲ್ಲಿ ಅವನು ತನ್ನ ಆಯುಷ್ಯದಲ್ಲಿ ಹೊಡೆದ ಹೋಮ್ ರನ್ 17. ಅದರಲ್ಲಿ ಎರಡು ಆ ಒಂದೇ ಮಧ್ಯಾಹ್ನದವು. 1980ರ ನಂತರ ಅವನಿಗೆ ದೊಡ್ಡ ಲೀಗ್‌ನಲ್ಲಿ ಜಾಗ ಸಿಗಲಿಲ್ಲ. ಮುಂದೆ ಸಿರಕ್ಯೂಸ್‌ನ ಕೆಳ ಹಂತದ ತಂಡಕ್ಕೆ ಮ್ಯಾನೇಜರಾಗಿ ಎಳೆಯರನ್ನು ತಯಾರು ಮಾಡಿದ.

ಹಾಗಾದರೆ ತಂಡ ಮೇಲೆ ಬಂದದ್ದು ಹೇಗೆ? ನಿಧಾನವಾಗಿ, ಬೇರೆಯವರ ಕಣ್ಣಿಗೆ ಬೀಳದ್ದನ್ನು ಹುಡುಕಿ ಹುಡುಕಿ. ಡೇವ್ ಸ್ಟೀಬ್ ಎಂಬ ಹುಡುಗ ಕಾಲೇಜಿನಲ್ಲಿ ದೂರದ ಅಂಗಳ ಕಾಯುವ ಫೀಲ್ಡರ್, ಒಳ್ಳೆಯ ಬ್ಯಾಟರ್. ಅವನ ತೋಳಿನ ಬಲ ಕಂಡ ಬ್ಲೂ ಜೇಸ್ 1978ರಲ್ಲಿ ಅವನನ್ನು ಆರಿಸಿ, ಚೆಂಡೆಸೆಯುವವನನ್ನಾಗಿ ತಿದ್ದಿದರು. ಅವನು ಟೊರಾಂಟೊಗೆ 175 ಪಂದ್ಯ ಗೆದ್ದುಕೊಟ್ಟ. ಜಾರ್ಜ್ ಬೆಲ್ ಫಿಲಡೆಲ್ಫಿಯಾ ತಂಡದವರು ತಮ್ಮ ‘ಮುಟ್ಟುವಂತಿಲ್ಲ’ ಪಟ್ಟಿಯಲ್ಲಿ ಸೇರಿಸದೆ ಬಿಟ್ಟಿದ್ದ ಹುಡುಗ. 1980ರ ಡಿಸೆಂಬರ್‌ನಲ್ಲಿ ಟೊರಾಂಟೊ ಅವನನ್ನು ಕರೆತಂದಿತು. 1987ರಲ್ಲಿ 47 ಹೋಮ್ ರನ್ ಬಾರಿಸಿ ಲೀಗ್‌ನ ಅತ್ಯಮೂಲ್ಯ ಆಟಗಾರನಾದ. ಮೊದಲ ದಿನದ ಅಳಿದುಳಿದವರ ಪಟ್ಟಿಯಿಂದಲೇ ಬಂದ ಕ್ಯಾಚರ್ ಎರ್ನಿ ವಿಟ್ ನಡುವೆ ಕೆಳ ಹಂತದ ತಂಡಕ್ಕೆ ಇಳಿದೂ ಮತ್ತೆ ಹತ್ತಿಬಂದ. ತಂಡ ಸೋಲಿಗಿಂತ ಗೆಲುವನ್ನು ಹೆಚ್ಚು ಕಂಡದ್ದು 1983ರಲ್ಲಿ, ಏಳನೆಯ ವರ್ಷ. ವಿಭಾಗ ಗೆದ್ದದ್ದು 1985ರಲ್ಲಿ, ಒಂಬತ್ತನೆಯ ವರ್ಷ. ಆಗಲೂ ವಿಟ್ ಇದ್ದ. 1992 ಮತ್ತು 1993ರಲ್ಲಿ ಸತತ ಎರಡು ಬಾರಿ ವರ್ಲ್ಡ್ ಸೀರೀಸ್ ಪ್ರಶಸ್ತಿಯೇ ಟೊರಾಂಟೊಗೆ ಬಂತು.

ಹವೆಯ ಕಥೆಗೂ ಒಂದು ಬಾಲವಿದೆ. 1982ರ ನವೆಂಬರ್‌ನಲ್ಲಿ ಇದೇ ಮೈದಾನದಲ್ಲಿ ಕೆನಡಾ ಫುಟ್‌ಬಾಲ್‌ನ ಗ್ರೇ ಕಪ್ ಪಂದ್ಯ ಮಳೆಯಲ್ಲಿ ತೊಪ್ಪೆಯಾಯಿತು. ಚಾವಣಿಯಿರುವ ಕ್ರೀಡಾಂಗಣ ಬೇಕೆಂಬ ಕೂಗು ಎದ್ದು, 1989ರ ಜೂನ್‌ನಲ್ಲಿ ‘ಸ್ಕೈಡೋಮ್’ ಸಿದ್ಧವಾಯಿತು. ಬೇಕಾದಾಗ ತೆರೆದು, ಬೇಡವಾದಾಗ ಮುಚ್ಚುವ ಚಾವಣಿ. ಉದ್ಘಾಟನೆಯ ದಿನ ಅದನ್ನು ತೆರೆದು ತೋರಿಸಲು ಹೋದರು, ಮಳೆ ಬಂದು ನೆರೆದವರೆಲ್ಲ ನೆಂದರು! ಎರಡು ದಿನ ಬಿಟ್ಟು ಅಲ್ಲಿ ನಡೆದ ಮೊದಲ ಪಂದ್ಯದಲ್ಲಿ ಬ್ಲೂ ಜೇಸ್ ಮಿಲ್ವಾಕಿ ತಂಡಕ್ಕೆ 5-3ರಿಂದ ಸೋತಿತು. ತಲೆಯ ಮೇಲೆ ಸೂರಿಲ್ಲದ ದಿನ ಗೆದ್ದವರು ಸೂರು ಸಿಕ್ಕ ಮೇಲಿನ ಮೊದಲ ಆಟ ಸೋತರು. ಸೌಕರ್ಯ ಬೇಕು, ನಿಜ. ಆದರೆ ಸೌಕರ್ಯವೇ ಗೆಲುವಲ್ಲ.

ಪಾಲಕರಿಗೆ ಒಂದು ಮಾತು. ಮಗ ಅಥವಾ ಮಗಳು ಮೊದಲ ಟೆಸ್ಟಿನಲ್ಲಿ ಚೆನ್ನಾಗಿ ಅಂಕ ತಂದರೆ ಮನೆಮಂದಿಗೆಲ್ಲ ಸಿಹಿ ಹಂಚುತ್ತೀರಿ. ಮುಂದಿನ ಮೂರು ಟೆಸ್ಟಿನಲ್ಲಿ ಇಳಿದರೆ ‘ಮೊದಲು ಬಂದದ್ದೂ ಅದೃಷ್ಟ’ ಎಂದು ತೀರ್ಪು ಕೊಡುತ್ತೀರಿ. ಎರಡೂ ಅವಸರ. ಆ 54 ಗೆಲುವಿನ ವರ್ಷವೂ ಟೊರಾಂಟೊದ ಮೈದಾನಕ್ಕೆ ಸುಮಾರು 17 ಲಕ್ಷ ಮಂದಿ ಬಂದರು. ಸೋಲುವ ತಂಡವನ್ನು ಬೈಯುತ್ತಲೇ ಇರಬಹುದು, ಆದರೆ ಬಂದು ಕುಳಿತರು. ಮಕ್ಕಳಿಗೆ ಬೇಕಾದದ್ದು ಅಂಥ ಹಾಜರಿ. ಇನ್ನೊಂದು ಮಾತು: ಸ್ಟೀಬ್‌ನನ್ನು ಫೀಲ್ಡರ್ ಎಂದೇ ಹಟ ಹಿಡಿದಿದ್ದರೆ ಒಬ್ಬ ದೊಡ್ಡ ಪಿಚರ್ ಹುಟ್ಟುತ್ತಲೇ ಇರಲಿಲ್ಲ. ನಿಮ್ಮ ಮಗು ಯಾವ ಜಾಗದಲ್ಲಿ ನಿಂತರೆ ಸರಿ ಎಂಬುದನ್ನು ಅದರ ಕೈ ನೋಡಿ ಹೇಳಿ, ಪಕ್ಕದ ಮನೆಯ ಮಗುವಿನ ಮಾರ್ಕ್ಸ್ ಕಾರ್ಡ್ ನೋಡಿ ಅಲ್ಲ.

ವಿದ್ಯಾರ್ಥಿಗಳಿಗೆ ಎರಡು ಮಾತು. ಒಂದು, ತಂಡ ಅರೆಬರೆ ಎಂದು, ಸಿಕ್ಕದ್ದು ಕೇಳಿದ ಕಾಲೇಜಲ್ಲ ಎಂದು, ಆಡುವುದನ್ನೇ ಬಿಡಬೇಡಿ. ಆಲ್ಟ್ ಅಂದು ಬ್ಯಾಟು ಹಿಡಿಯಲು ಇಳಿಯದಿದ್ದರೆ ಆ ಎರಡು ಹೋಮ್ ರನ್ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಎರಡು, ಒಂದು ದಿನದ ಗೆಲುವಿನಿಂದ ಎಲ್ಲ ಸರಿಹೋಯಿತೆಂದೂ ತಿಳಿಯಬೇಡಿ. ಮುಂದೆ ನೂರೇಳು ಸೋಲು ಕಾದಿರಬಹುದು. ನೂರೆಂಟನೆಯ ದಿನವೂ ಶೂಗೆ ಲೇಸು ಕಟ್ಟಿ ಅಂಗಳಕ್ಕೆ ಇಳಿಯುವುದು ಹಿಮದಲ್ಲಿ ಗೆಲ್ಲುವುದಕ್ಕಿಂತ ಕಷ್ಟದ ಕೆಲಸ. ಅದಕ್ಕೆ ಚಪ್ಪಾಳೆ ಹೊಡೆಯಲು 44,649 ಮಂದಿ ಇರುವುದಿಲ್ಲ. ಮನೆಯಲ್ಲಿ ಇಬ್ಬರು ಇದ್ದರೆ ಸಾಕು.