ಗಲ್ಲಿಯ ಅಂಚೆ, ಮನೆಯ ಪೆಟ್ಟಿಗೆ: ವಿದ್ವತ್ ಪತ್ರವ್ಯವಹಾರವನ್ನು ಕುರಿತು

ಕಾಶಿಯ ದಶಾಶ್ವಮೇಧ ಘಟ್ಟದಿಂದ ದಕ್ಷಿಣಕ್ಕೆ, ಗಂಗೆಯ ದಂಡೆಯ ಜೊತೆಜೊತೆಗೇ ಸಾಗುವ ಬಂಗಾಲಿ ಟೋಲಾದ ಗಲ್ಲಿಗಳು ಕಾಲ್ನಡಿಗೆಯವರಿಗಾಗಿಯೇ ಹುಟ್ಟಿದಂಥವು. ವಾರ್ಡಿನ ಅಕ್ಷರವೊಂದು, ಓರೆಗೆರೆಯ ಎರಡು ಬದಿಗೆ ಎರಡು ಅಂಕಿಗಳು: ಮನೆಯ ವಿಳಾಸವೆಂದರೆ ಇಷ್ಟೆ. 1972ರಲ್ಲಿ ಬಂದ ಪಿನ್ ಸಂಖ್ಯೆಯು ಪತ್ರವನ್ನು ಅಂಚೆ ಕಚೇರಿಯವರೆಗೆ ತರಬಲ್ಲದು. ಮುಂದಿನ ತಿರುವುಗಳನ್ನು ಬಲ್ಲವನು ಅಂಚೆಯವನೊಬ್ಬನೇ. ಈ ಗಲ್ಲಿಗಳಿಗೆ ಸಮೀಪದಲ್ಲಿಯೇ ಕನ್ನಡಿಗರಿಗೆ ಚಿರಪರಿಚಿತವಾದ ಜಂಗಮವಾಡಿ ಮಠವಿದೆ. ಅಕ್ಬರನಿಂದ ಔರಂಗಜೇಬನವರೆಗಿನ ದೊರೆಗಳ ಫರ್ಮಾನುಗಳು ಆ ಮಠದಲ್ಲಿ ಉಳಿದುಬಂದಿವೆ. ಬರೆಯಿಸಿದ ಆಸ್ಥಾನ ಅಳಿಯಿತು. ಪಡೆದವರ ಪೆಟ್ಟಿಗೆಯಲ್ಲಿದ್ದ ಕಾಗದ ಉಳಿಯಿತು.

ಇಂದಿನ ವಿದ್ವಾಂಸರ ಪತ್ರಗಳಿಗೆ ಅಂತಹ ಪೆಟ್ಟಿಗೆ ಯಾವುದೆಂಬುದೇ ಪ್ರಸ್ತುತ ಪ್ರಶ್ನೆ. ಪಾಠಾಂತರದ ಚರ್ಚೆ, ಶಾಸನದ ಓದಿನ ಬಗೆಗಿನ ಸಂದೇಹ, ಸಂಶೋಧನ ವಿದ್ಯಾರ್ಥಿಗೆ ಬರೆದ ತಿದ್ದುಪಡಿ ಇವೆಲ್ಲವೂ ಈಗ ಮಿಂಚಂಚೆಯಲ್ಲಿ ನಡೆಯುತ್ತವೆ ಮತ್ತು ಬಹುಪಾಲು ಯಾವುದೋ ದೂರದ ಸಂಸ್ಥೆಯ ಉಗ್ರಾಣದಲ್ಲಿಯೇ ನಿಂತುಬಿಡುತ್ತವೆ. ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ ಸಂಸ್ಥೆ 2023ರ ಡಿಸೆಂಬರಿನಿಂದ ಆರಂಭಿಸಿತು. ವಿದ್ವಾಂಸನೊಬ್ಬನು ತೀರಿಕೊಂಡ ಮೇಲೆ ಅವನ ಕಾಗದಗಳನ್ನು ಮನೆಯವರು ಹುಡುಕುವಷ್ಟರಲ್ಲಿ ಎರಡು ವರ್ಷ ಕಳೆದುಹೋಗುವುದು ಅಪರೂಪವೇನಲ್ಲ.

ಸ್ವಂತ ಗಣಕದಲ್ಲಿ ಇಡೀ ಅಂಚೆ ಕಚೇರಿಯನ್ನೇ ನಡೆಸಬೇಕೆಂಬ ಉತ್ಸಾಹ ಕೆಲವರಲ್ಲಿದೆ. ಅದು ಅನವಶ್ಯಕವೆನ್ನಬೇಕಾಗುತ್ತದೆ. ಹೊರಕ್ಕೆ ಪತ್ರ ಕಳುಹಿಸುವ ಕಾರ್ಯ ಈಗ ಜಟಿಲ. ಮನೆಯ ಸಂಪರ್ಕದ ವಿಳಾಸ ಬದಲಾಗುತ್ತಿರುತ್ತದೆ, ಅನೇಕ ಸೇವಾದಾರರು 25ನೆಯ ದ್ವಾರವನ್ನು ಮುಚ್ಚಿರುತ್ತಾರೆ, ಎಸ್‌ಪಿಎಫ್, ಡಿಕಿಮ್ ಮೊದಲಾದ ಸಾಕ್ಷ್ಯಗಳಿಲ್ಲದ ಪತ್ರವನ್ನು ಎದುರಿನವರು ಅನುಮಾನಿಸುತ್ತಾರೆ. ಆ ಭಾರ ವಿಶ್ವವಿದ್ಯಾಲಯದ ಗಣಕ ಕೇಂದ್ರಕ್ಕೇ ಇರಲಿ. ಕನ್ನಡ ವಿಭಾಗಕ್ಕೆ ಬೇಕಾದುದು ಕೊನೆಯ ಗಲ್ಲಿ ಮಾತ್ರ: ಫೆಚ್‌ಮೇಲ್‌ನಂತಹ ತಂತ್ರಾಂಶ ಪತ್ರಗಳ ಪ್ರತಿಯನ್ನು ಎಳೆದುತರುತ್ತದೆ, ಸ್ಥಳೀಯ ವಿತರಕ ಅದನ್ನು ಆಯಾ ಹೆಸರಿನ ಕಡತಕ್ಕೆ ಹಾಕುತ್ತದೆ, ಮಟ್‌ನಂತಹ ಸರಳ ಸಾಧನದಲ್ಲಿ ಓದಬಹುದು. ಹಳೆಯ ಗಣಕವೊಂದು ಇಷ್ಟಕ್ಕೆ ಧಾರಾಳವಾಗಿ ಸಾಕು.

ಕಡತದ ರೂಪವನ್ನು ಆಯ್ದುಕೊಳ್ಳುವಲ್ಲಿ ಮಾತ್ರ ಗ್ರಂಥಸಂಪಾದಕನ ಎಚ್ಚರ ಬೇಕು. ಹಳೆಯ ಎಂಬಾಕ್ಸ್ ಪದ್ಧತಿಯಲ್ಲಿ ಎಲ್ಲ ಪತ್ರಗಳೂ ಒಂದೇ ಕಡತದಲ್ಲಿ ಸಾಲಾಗಿ ಕೂರುತ್ತವೆ. 'ಫ್ರಮ್' ಎಂಬ ಇಂಗ್ಲಿಷ್ ಪದ ಮತ್ತು ಒಂದು ತೆರಪಿನಿಂದ ಆರಂಭವಾಗುವ ಸಾಲೇ ಹೊಸ ಪತ್ರದ ಗುರುತು. ಪತ್ರದ ಒಡಲಿನಲ್ಲಿಯೇ ಅಂತಹ ಸಾಲು ಬಂದರೆ ಗೊಂದಲವಾಗಬಾರದೆಂದು ಅದರ ಮುಂದೆ ಬಾಣದಂತಹ ಒಂದು ಚಿಹ್ನೆಯನ್ನು ತಂತ್ರಾಂಶವೇ ಸೇರಿಸುವುದುಂಟು. ಲಿಪಿಕಾರನ ಪ್ರಕ್ಷೇಪವೆಂದರೆ ಇದೇ ಅಲ್ಲವೆ! ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ ಮೇಲ್‌ಡಿರ್ ಪದ್ಧತಿಯಲ್ಲಾದರೋ ಪ್ರತಿಯೊಂದು ಪತ್ರವೂ ಬೇರೆ ಕಡತ. ಬರುತ್ತಿರುವವು, ಹೊಸವು, ನೋಡಿದವು ಎಂದು ಮೂರು ಕೋಣೆಗಳು. ಒಂದು ಗರಿ ಕೆಟ್ಟರೆ ಕಟ್ಟೇ ಕೆಡುವುದಿಲ್ಲ. ವಿಭಾಗಗಳು ಇದನ್ನೇ ಆರಿಸಿಕೊಳ್ಳುವುದು ಲೇಸು.

ಕನ್ನಡ ಲಿಪಿಯ ತೊಡಕು ಬೇರೆಯೇ ಇದೆ. 1982ರ ಅಂಚೆ ನಿಯಮ ಏಳು ಬಿಟ್‌ಗಳ ರೋಮನ್ ಅಕ್ಷರಗಳನ್ನಷ್ಟೇ ಬಲ್ಲದಾಗಿತ್ತು. 1992ರ ಮೈಮ್ ಮತ್ತು ಯೂನಿಕೋಡ್‌ನಿಂದ ದಾರಿ ತೆರೆಯಿತಾದರೂ 'ಕ' ಎಂಬ ಒಂದು ಅಕ್ಷರ ಯುಟಿಎಫ್-8ರಲ್ಲಿ ಮೂರು ಬೈಟ್ ಆಗಿ, ಬೇಸ್-64ರ ವೇಷದಲ್ಲಿ ನಾಲ್ಕು ರೋಮನ್ ಚಿಹ್ನೆಗಳಾಗಿ ಸಂಚರಿಸುತ್ತದೆ. ವೇಷ ಕಳಚುವ ಸೂಚನೆ ಪತ್ರದ ತಲೆಬರಹದಲ್ಲಿರುತ್ತದೆ. ಆದ್ದರಿಂದ ಒಡಲನ್ನು ಮಾತ್ರ ನಕಲಿಸಿಟ್ಟುಕೊಳ್ಳುವ ರೂಢಿ ಸಲ್ಲದು. ಯೂನಿಕೋಡಿಗೆ ಮುಂಚೆ ಆಯಾ ಫಾಂಟುಗಳ ಸಂಕೇತದಲ್ಲಿ ಬರೆದ ಪತ್ರಗಳ ಸ್ಥಿತಿ ಇನ್ನೂ ಕಷ್ಟಕರ. ಫಾಂಟಿನ ಹೆಸರನ್ನು ಯಾರಾದರೂ ಬರೆದಿಡದಿದ್ದರೆ ಅವು ಒಗಟುಗಳೇ.

ಪೆಟ್ಟಿಗೆಯಲ್ಲಿರುವುದು ಪರರ ಪತ್ರಗಳೂ ಹೌದು ಎಂಬ ಆಕ್ಷೇಪ ನ್ಯಾಯವಾದುದೇ. ಬರೆದವರ ಅನುಮತಿಯಿಲ್ಲದೆ ಪ್ರಕಟಿಸಬಾರದು, ಖಾಸಗಿಯಾದುದನ್ನು ಒಡೆಯನೇ ಮೊದಲು ಬೇರ್ಪಡಿಸಬೇಕು. ಮತ್ತೊಂದು ಪ್ರತಿ ಬೇರೆ ಕಟ್ಟಡದಲ್ಲಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಕಾಲದ ಒತ್ತಡವಂತೂ ಇದೆ. ನಿವೃತ್ತಿಯೊಡನೆ ಅಧಿಕೃತ ಮಿಂಚಂಚೆ ವಿಳಾಸ ಮುಚ್ಚಿಹೋಗುವ ಕಡೆಗಳಲ್ಲಿ ಬೀಳ್ಕೊಡುಗೆಯ ಸಮಾರಂಭಕ್ಕೆ ಒಂದು ತಿಂಗಳು ಮೊದಲೇ ಆ ಪತ್ರಗಳನ್ನು ವಿಭಾಗದ ಗಣಕಕ್ಕೆ ಇಳಿಸಿಕೊಳ್ಳುವ ಏರ್ಪಾಡಾಗಬೇಕು. ಅದನ್ನು ವಿಭಾಗದ ಸಭೆಯ ನಡಾವಳಿಯಲ್ಲಿಯೇ ದಾಖಲಿಸಬೇಕು.