ಶಿಶುವಿಗೆ ರಕ್ತನಾಳದ ಪೋಷಣೆ: ಆತುರ ಎಷ್ಟು ಸರಿ?

ಹಾಲು ಕುಡಿಯಲಾಗದ, ಕುಡಿದರೂ ಅರಗಿಸಿಕೊಳ್ಳಲಾಗದ ನವಜಾತ ಶಿಶುವಿಗೆ ರಕ್ತನಾಳದ ಮೂಲಕವೇ ಆಹಾರ ನೀಡುವ ಕ್ರಮ ಹೊಸದೇನಲ್ಲ. 1960ರ ದಶಕದ ಅಂತ್ಯದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು, ಕರುಳಿನ ದೋಷದೊಂದಿಗೆ ಹುಟ್ಟಿದ ಶಿಶುವೊಂದು ಈ ಕ್ರಮದಿಂದ ಬೆಳೆಯಬಲ್ಲದೆಂದು ತೋರಿಸಿದ್ದರು. ಈಗಿರುವ ವಿವಾದ ಬೇರೆ. ಅದು ಯಾವಾಗ ಆರಂಭಿಸಬೇಕು ಎಂಬುದು.

ಈ ಪ್ರಶ್ನೆಗೆ ಪ್ರತಿಷ್ಠಿತ ಸಂಸ್ಥೆಗಳೇ ಭಿನ್ನ ಉತ್ತರ ನೀಡಿವೆ. ತೀವ್ರ ಅಸ್ವಸ್ಥವಾದ, ತಿಂಗಳು ತುಂಬಿ ಹುಟ್ಟಿದ ಶಿಶುವಿನ ವಿಷಯದಲ್ಲಿ ಒಂದು ವಾರ ಕಾಯುವುದನ್ನು ಪರಿಗಣಿಸಬಹುದು ಎಂದು ಯುರೋಪಿನ ಮಕ್ಕಳ ಪೋಷಣಾ ತಜ್ಞರ 2018ರ ಮಾರ್ಗಸೂಚಿ ಹೇಳಿತು. ಆದರೆ ಬ್ರಿಟನ್ನಿನ ನೈಸ್ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ, ಸಾಕಷ್ಟು ಹಾಲು ಸೇವಿಸುವ ಸಾಧ್ಯತೆ ಇಲ್ಲದ ಅಸ್ವಸ್ಥ ಶಿಶುವಿಗೆ ತೀರ್ಮಾನವಾದ ಎಂಟು ಗಂಟೆಗಳೊಳಗೆ ಪೋಷಣೆ ಆರಂಭವಾಗಬೇಕು. ಎಂಟು ಗಂಟೆ ಎಲ್ಲಿ, ಎಂಟು ದಿನ ಎಲ್ಲಿ!

ಕಾಯುವ ಪಕ್ಷಕ್ಕೆ ಬಲ ತಂದದ್ದು ಬೆಲ್ಜಿಯಂನ ಲ್ಯೂವೆನ್, ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಹಾಗೂ ಕೆನಡಾದ ಎಡ್ಮಂಟನ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ 'ಪೆಪಾನಿಕ್' ಅಧ್ಯಯನ. ಇದರಲ್ಲಿ ತೀವ್ರ ನಿಗಾ ಘಟಕ ಸೇರಿದ 1,440 ಮಕ್ಕಳಿದ್ದರು. ಅರ್ಧದಷ್ಟು ಮಕ್ಕಳಿಗೆ 24 ಗಂಟೆಗಳೊಳಗೆ, ಉಳಿದವರಿಗೆ ಅಗತ್ಯವಿದ್ದರೆ ಎಂಟನೆಯ ದಿನದಿಂದ ರಕ್ತನಾಳದ ಪೋಷಣೆ ನೀಡಲಾಯಿತು. ಹೊಸ ಸೋಂಕು ತಗುಲಿದವರು ಮೊದಲ ಗುಂಪಿನಲ್ಲಿ ಶೇ. 18.5, ಕಾದವರಲ್ಲಿ ಶೇ. 10.7. ನಿಗಾ ಘಟಕದ ವಾಸ ಸರಾಸರಿ 9.2 ದಿನಗಳಿಂದ 6.5 ದಿನಗಳಿಗೆ ಇಳಿಯಿತು. ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷಗಳ ನಂತರ ಪರೀಕ್ಷಿಸಿದಾಗಲೂ ಕಾದ ಗುಂಪಿನ ಮಕ್ಕಳ ಬೆಳವಣಿಗೆ ಹಿಂದೆ ಬಿದ್ದಿರಲಿಲ್ಲ.

ಕಾದರು ಎಂದರೆ ಮಕ್ಕಳನ್ನು ಉಪವಾಸ ಕೆಡವಿದರು ಎಂದಲ್ಲ. ಗ್ಲೂಕೋಸ್ ದ್ರವ, ಜೀವಸತ್ವ, ಖನಿಜಗಳು ರಕ್ತನಾಳದ ಮೂಲಕ ಹೋಗುತ್ತಿದ್ದವು; ಸಾಧ್ಯವಾದಷ್ಟು ಆಹಾರವನ್ನು ಕೊಳವೆಯ ಮೂಲಕ ಹೊಟ್ಟೆಗೂ ಕೊಡಲಾಗುತ್ತಿತ್ತು.

ಆಹಾರವೇ ತೊಡಕಾಗುವುದು ಹೇಗೆ? ತೀವ್ರ ಕಾಯಿಲೆಯಲ್ಲಿ ಜೀವಕೋಶಗಳು ತಮ್ಮೊಳಗಿನ ಹಾನಿಗೊಂಡ ಭಾಗಗಳನ್ನು ತಾವೇ ಕರಗಿಸಿ ಶುಚಿಗೊಳಿಸಿಕೊಳ್ಳುತ್ತವೆ. ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ತಂದುಕೊಟ್ಟ 'ಆಟೋಫೇಜಿ' ಎಂಬ ಕ್ರಿಯೆ ಇದೇ. ಪೋಷಕಾಂಶ, ವಿಶೇಷವಾಗಿ ಅಮೈನೋ ಆಮ್ಲ, ಹೇರಳವಾಗಿ ಬಂದಾಗ ಈ ಶುಚಿಕಾರ್ಯ ಕುಂಠಿತವಾಗುತ್ತದೆ ಎಂಬುದು ಸಂಶೋಧಕರ ವಿವರಣೆ. ಇದು ಒಪ್ಪಬಹುದಾದ ತರ್ಕ, ಆದರೆ ಮಕ್ಕಳ ದೇಹದಲ್ಲಿ ಪೂರ್ಣ ಸಾಬೀತಾದ ಸಂಗತಿಯಲ್ಲ.

ಇಷ್ಟಾದರೂ ನೈಸ್ ಸಂಸ್ಥೆಯ ಆತುರವನ್ನು ಸುಲಭವಾಗಿ ತಳ್ಳಿಹಾಕಲಾಗದು. 1,440 ಮಕ್ಕಳಲ್ಲಿ ನವಜಾತರು 209 ಮಾತ್ರ. ಬೇಗನೆ ಘಟಕದಿಂದ ಹೊರಬರುವ ಲಾಭ ಅವರಲ್ಲೂ ಕಂಡಿತು, ನಿಜ. ಆದರೆ ಒಟ್ಟಾರೆ ಅಧ್ಯಯನದಲ್ಲಿ ರಕ್ತದ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಕುಸಿದ ಪ್ರಕರಣಗಳು ಕಾದ ಗುಂಪಿನಲ್ಲಿ ಶೇ. 9.1, ಇನ್ನೊಂದರಲ್ಲಿ ಶೇ. 4.8. ಸಂಗ್ರಹ ಅತ್ಯಲ್ಪವಾಗಿರುವ, ಮೆದುಳು ಬೆಳೆಯುತ್ತಿರುವ ಹಸುಗೂಸಿಗೆ ಈ ಅಂಕಿ ಚಿಕ್ಕದಲ್ಲ. ಗಂಟೆಗಂಟೆಗೂ ಸಕ್ಕರೆ ಅಳೆಯಬಲ್ಲ ಸಿಬ್ಬಂದಿ ಇಲ್ಲದ ಕಡೆ 'ಕಾಯೋಣ' ಎನ್ನುವುದು ನಿರ್ಲಕ್ಷ್ಯಕ್ಕೆ ಇನ್ನೊಂದು ಹೆಸರಾದೀತು.

ಇನ್ನು, ಅವಧಿಗೆ ಬಹಳ ಮುಂಚೆ ಹುಟ್ಟಿದ ಶಿಶುಗಳು ಈ ಅಧ್ಯಯನದ ವ್ಯಾಪ್ತಿಯಲ್ಲಿ ಇರಲೇ ಇಲ್ಲ. ಗರ್ಭದಲ್ಲಿ ಕೊನೆಯ ವಾರಗಳಲ್ಲಿ ಸಿಗಬೇಕಿದ್ದ ಕೊಬ್ಬು, ಪ್ರೋಟೀನ್ ಅವಕ್ಕೆ ಸಿಕ್ಕಿರುವುದಿಲ್ಲ. 31 ವಾರಗಳಿಗೂ ಮುನ್ನ ಹುಟ್ಟಿದವಕ್ಕೆ ರಕ್ತನಾಳದ ಪೋಷಣೆ ಕೊಡಬೇಕೆಂದು ನೈಸ್ ಸ್ಪಷ್ಟವಾಗಿ ಹೇಳಿದೆ. ಇಂಥ ಶಿಶುಗಳಿಗೆ ವಿಳಂಬ ಸಲ್ಲದೆಂಬುದು ಯುರೋಪಿನ ತಜ್ಞರ ನಿಲುವೂ ಹೌದು. ಲ್ಯೂವೆನ್‌ನ ಅಂಕಿಗಳನ್ನು ಒಂದೂವರೆ ಕಿಲೋ ತೂಗುವ ಮಗುವಿನ ತೊಟ್ಟಿಲಿಗೆ ಒಯ್ಯುವುದಕ್ಕೆ ಆಧಾರವಿಲ್ಲ.

ಆದ್ದರಿಂದ ನಿಗಾ ಘಟಕದ ಹೊರಗೆ ನಿಂತ ತಂದೆ ತಾಯಿ ಆಹಾರ ಏಕೆ ಕೊಡುತ್ತಿಲ್ಲ ಎಂದು ಕೇಳುವುದರ ಜೊತೆಗೆ, ಮಗು ಎಷ್ಟು ವಾರಕ್ಕೆ ಹುಟ್ಟಿತು, ಸಕ್ಕರೆ ಅಂಶವನ್ನು ಎಷ್ಟು ಹೊತ್ತಿಗೊಮ್ಮೆ ನೋಡುತ್ತಿದ್ದೀರಿ ಎಂದೂ ವೈದ್ಯರನ್ನು ಕೇಳಬಹುದು.